ಬಚ್ಚಲಿನ ಶವರ್ ಕಟ್ಟಿದೆಯೇ? ಉಜ್ಜುವ ಮೊದಲು ನೀರು ಎಲ್ಲಿಯದೆಂದು ನೋಡಿ

ನೀರು ತುಂಬುವ ಹಬ್ಬದ ದಿನ. ಹಳೇ ಬಚ್ಚಲಲ್ಲಿ ಹಂಡೆ ಬೆಳಗಿ, ಹಿಂಡಲಕಾಯಿ ಬಳ್ಳಿ ಕಟ್ಟಿ ಆಗಿತ್ತು. ಬೆಂಗಳೂರಿಂದ ಬಂದ ನಾದಿನಿ ಹೊಸ ಬಾತ್‌ರೂಮಿಗೆ ಹೋದವಳು ಅರ್ಧ ನಿಮಿಷದಲ್ಲಿ ಹೊರಗೆ ಬಂದಳು. ಶವರ್ ತಿರುಗಿಸಿದರೆ ನೀರು ತಲೆ ಮೇಲೆ ಬೀಳುವ ಬದಲು ಎದುರು ಗೋಡೆಗೆ ಹೊಡೆಯುತ್ತಿತ್ತು. ನಾಲ್ಕು ತೂತಿನಲ್ಲಿ ಜೋರು, ಉಳಿದದ್ದರಲ್ಲಿ ತೊಟ್ಟು. ಬಿಳಿ ಟೈಲ್ಸಿನ ಮೇಲೆ ಕೆಂಪು ಪಟ್ಟೆ, ಮೂಲೆಯಲ್ಲಿ ಕಪ್ಪು ಚುಕ್ಕಿ, ನೆಲವೆಲ್ಲ ಜಾರಿಕೆ.

"ಅತ್ತಿಗೆ, ಇದನ್ನ ತೊಳೆದು ಎಷ್ಟು ದಿನ ಆತು?" ಎಂದಳು.

ತೊಳೆದು ಎರಡು ದಿನವಾಗಿತ್ತು. ಅದೂ ಅಂಗಡಿಯ ಮೂರು ಥರದ ಬಾಟಲಿ ಸುರಿದು, ಮೊಣಕಾಲೂರಿ ಕೂತು ಉಜ್ಜಿದ್ದು. ಆ ಸಿಟ್ಟಿನಲ್ಲಿ ಶುರುವಾದ ಕೆಲಸ ಇದು. ಉಜ್ಜಿದ್ದರಲ್ಲಿ ಕಮ್ಮಿ ಇರಲಿಲ್ಲ, ಯಾವ ಕಲೆ ಎಂಥದ್ದು ಎಂದು ನೋಡದೆ ಉಜ್ಜಿದ್ದೆ, ಅಷ್ಟೆ. ಸುಣ್ಣದ ಪದರಕ್ಕೆ ಸೋಪು, ಕಬ್ಬಿಣದ ಕಲೆಗೆ ಬ್ಲೀಚಿಂಗ್ ಪೌಡರ್, ಎಣ್ಣೆ ಜಿಡ್ಡಿಗೆ ವಿನೆಗರ್ ಹಾಕಿದ್ದೆ. ಎಲ್ಲವೂ ತಿರುಗಾಮುರುಗಾ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಹಳೇ ಬಚ್ಚಲಿಗೆ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು. ಆಮೇಲೆ ಕಟ್ಟಿಸಿದ ಬಾತ್‌ರೂಮಿಗೆ ಬೋರ್‌ವೆಲ್. ಮಗನ ಓದಿಗೆಂದು ಶಿವಮೊಗ್ಗದಲ್ಲಿ ಹಿಡಿದ ಬಾಡಿಗೆ ಮನೆಗೆ ತುಂಗೆಯ ನಲ್ಲಿ ನೀರು. ಮೂರನ್ನೂ ತೊಳೆಯುವವಳು ನಾನೊಬ್ಬಳೇ ಆದ್ದರಿಂದ, ಒಂದು ಬಚ್ಚಲಿನ ಕಾಯಿಲೆ ಇನ್ನೊಂದಕ್ಕೆ ಯಾಕೆ ಬರುವುದಿಲ್ಲ ಎಂಬುದು ನಿಧಾನಕ್ಕೆ ತಲೆಗೆ ಹೋಯಿತು. ಅಬ್ಬಿ ನೀರಿನ ಹಿತ್ತಾಳೆ ನಲ್ಲಿಗೆ ಇಪ್ಪತ್ತು ವರ್ಷವಾದರೂ ಬಿಳಿ ಪದರ ಕಟ್ಟಿಲ್ಲ. ಬೋರ್‌ವೆಲ್ಲಿನ ಶವರಿಗೆ ಆರು ತಿಂಗಳು ಸಾಕಾಯಿತು. ಮಳೆನೀರು ಗುಡ್ಡದ ಮೇಲ್ಮಣ್ಣಲ್ಲಿ ಇಂಗಿ ಬೇಗ ಹೊರಬಿದ್ದರೆ ಅದರಲ್ಲಿ ಕರಗಿದ್ದು ಕಮ್ಮಿ. ಕಲ್ಲಿನ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಎಲ್ಲವನ್ನೂ ಹೊತ್ತುಕೊಂಡೇ ಮೇಲೆ ಬರುತ್ತದೆ.

"ನಮ್ಮ ಬೋರ್ ನೀರು ಟೆಸ್ಟ್ ಮಾಡಿಸಿದ್ದೇವೆ, ಕುಡಿಯಲು ಯೋಗ್ಯ ಅಂತ ಬಂದಿದೆ" ಎನ್ನುವವರಿಗೆ ಒಂದು ಮಾತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನ, ಅಂದರೆ ಕರಗಿದ ಸುಣ್ಣ-ಮೆಗ್ನೀಸಿಯಂನ ಅಳತೆ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆಂದಿದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಒಪ್ಪುತ್ತಾರೆ. ಹೊಟ್ಟೆಗೆ ಸರಿಹೋಗುವ ನೀರು ಶವರಿಗೆ ಸರಿಹೋಗಬೇಕೆಂದಿಲ್ಲ.

ನೀರು ಕಮ್ಮಿ ಬರುತ್ತಿದ್ದರೆ: ಶವರಿನ ತಪ್ಪೋ, ಲೈನಿನ ತಪ್ಪೋ

ವಿನೆಗರ್ ಬಾಟಲಿ ಮುಟ್ಟುವ ಮೊದಲು ಶವರ್ ಹೆಡ್ ಬಿಚ್ಚಿ. ಸ್ಪ್ಯಾನರಿನ ಹಲ್ಲಿಗೆ ಹಳೇ ಬನಿಯನ್ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಕ್ರೋಮಿನ ಮೇಲೆ ಗಾಯ ಉಳಿಯುತ್ತದೆ. ಬರೀ ಪೈಪಿನ ಕೆಳಗೆ ಬಕೆಟ್ ಇಟ್ಟು ನಲ್ಲಿ ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಹೊತ್ತು ಎಂದು ನೋಡಿ. ನಮ್ಮಲ್ಲಿ ಹೆಡ್ ಇದ್ದಾಗ ನಾಲ್ಕು ನಿಮಿಷ ತೆಗೆದುಕೊಂಡ ಬಕೆಟ್, ಬಿಚ್ಚಿದ ಮೇಲೆ ಒಂದು ನಿಮಿಷಕ್ಕೆ ತುಂಬಿತು. ಅಂದರೆ ಕಟ್ಟಿದ್ದು ಹೆಡ್. ಬಿಚ್ಚಿದರೂ ಅಷ್ಟೇ ನಿಧಾನವಾದರೆ ಹೆಡ್ಡನ್ನು ಎಷ್ಟು ತೊಳೆದರೂ ಅಷ್ಟೆ. ವಾಲ್ವ್ ಅರ್ಧ ಮುಚ್ಚಿದೆಯೇ, ಪೈಪಿನಲ್ಲಿ ಗಾಳಿ ಹಿಡಿದಿದೆಯೇ, ಟ್ಯಾಂಕಿನ ತಳದಲ್ಲಿ ಕೆಸರು ತುಂಬಿದೆಯೇ ನೋಡಬೇಕು.

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಇನ್ನೊಂದು ಸಂಗತಿ ಇದೆ. ತಾರಸಿ ಇಲ್ಲದ್ದರಿಂದ ಟ್ಯಾಂಕ್ ಎಲ್ಲೋ ಅಟ್ಟದ ಮೇಲೆ ಕೂತಿರುತ್ತದೆ. ನೀರು ಸುಮಾರು 10 ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್ ಒತ್ತಡ. ಶವರಿಗಿಂತ ಆರಡಿ ಮೇಲಿರುವ ಟ್ಯಾಂಕ್ ಕೊಡುವುದು ಅದರ ಐದನೇ ಒಂದು ಪಾಲೂ ಇಲ್ಲ. ಅಂಥ ಕಡೆ ತಟ್ಟೆಯಗಲದ ಶವರ್ ಹಾಕಿಸಿಕೊಂಡರೆ ಅದು ಹೊಸದಿದ್ದಾಗಲೂ ಜಿನುಗುವುದೇ. ನಮ್ಮ ನೆರೆಯವರು ಹೋಮ್‌ಸ್ಟೇಗೆಂದು ಅಂಥದ್ದೊಂದು ಹಾಕಿಸಿ, ಮೂರು ತಿಂಗಳು ಸಿಕ್ಕಸಿಕ್ಕ ಆಸಿಡ್ ಕುಡಿಸಿ, ಕೊನೆಗೆ ಅಂಗೈಯಗಲದ ಕೈ ಶವರ್ ಹಾಕಿದರು. ಸಮಸ್ಯೆ ಅಲ್ಲಿಗೆ ಮುಗಿಯಿತು.

ತಣ್ಣೀರು ಸರಿಯಾಗಿ ಬಂದು ಬಿಸಿನೀರು ಮಾತ್ರ ಕಮ್ಮಿಯಾಗುತ್ತಿದೆಯೇ? ಹಾಗಿದ್ದರೆ ಗೀಸರಿನತ್ತ ನೋಡಿ. ಗಡಸು ನೀರು ಕಾದಾಗ ಕರಗಿದ್ದ ಸುಣ್ಣ ಗಟ್ಟಿಯಾಗಿ ತಳಕ್ಕೆ, ಕಾಯಿಸುವ ಕಾಯಿಲ್‌ಗೆ ಕೂರುತ್ತದೆ. ಕಾಯುವಾಗ ಗುಡುಗುಡು ಸದ್ದು ಬಂದರೆ ಬಹುಮಟ್ಟಿಗೆ ಅದೇ. ಇದು ಮನೆಮದ್ದಿನ ಕೆಲಸವಲ್ಲ, ಕರೆಂಟಿನ ಕೆಲಸ. ಗೊತ್ತಿರುವವರನ್ನು ಕರೆಸಿ.

ಈಗ ಬಿಚ್ಚಿದ ಹೆಡ್ಡಿನ ಒಳಗಿನ ಜಾಲರಿ ನೋಡಿ. ದೋಷ ಬರೆದಿಟ್ಟ ಹಾಗೆ ಅಲ್ಲೇ ಕೂತಿರುತ್ತದೆ. ಅಬ್ಬಿ ನೀರಿನ ಜಾಲರಿಯಲ್ಲಿ ಸಣ್ಣ ಮರಳು, ಕೊಳೆತ ಎಲೆಯ ನರ, ಒಮ್ಮೆ ಉಗುರಿನಷ್ಟಿದ್ದ ಏಡಿಮರಿ ಸಿಕ್ಕಿತ್ತು. ತುಂಗೆ ನೀರಿನದ್ದರಲ್ಲಿ ಜುಲೈ ಹೊತ್ತಿಗೆ ನಯವಾದ ಕೆಸರು. ಇವೆರಡಕ್ಕೂ ಹುಳಿ ಬೇಡ, ಸೋಡಾ ಬೇಡ. ನಲ್ಲಿಯ ನೀರಿಗೆ ತಿರುವಿ ಹಿಡಿದು, ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದರೆ ಮುಗಿಯಿತು. ಅಬ್ಬಿಯ ಬಾಯಲ್ಲಿ ಜಾಲರಿ ಕಟ್ಟಿ, ನಡುವೆ ಒಂದು ಡ್ರಮ್ ಇಟ್ಟು ಮರಳು ತಳಕ್ಕೆ ಕೂರುವಂತೆ ಮಾಡಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿದರೆ ಸಾಕಾಗಿದೆ. ಅದೂ ಮಳೆ ಹಿಡಿದ ಮೊದಲ ವಾರದಲ್ಲಿ.

ಬೋರ್‌ವೆಲ್ಲಿನದ್ದು ಹೀಗಲ್ಲ. ತೂತಿನ ಸುತ್ತ ಉಗುರಿಗೆ ಜಗ್ಗದ ಬಿಳಿ ಗಂಟು. ಅದರ ಮೇಲೊಂದು ತೊಟ್ಟು ನಿಂಬೆರಸ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಸುಣ್ಣ, ಅನುಮಾನವೇ ಬೇಡ.

ಸುಣ್ಣ ಕಟ್ಟಿದ ಹೆಡ್ ಬಿಡಿಸುವುದು

ಬಿಚ್ಚಲು ಬಂದರೆ ಬಿಚ್ಚಿ ಪಾತ್ರೆಯಲ್ಲಿ ನೆನೆಸಿ. ಬಿಚ್ಚಲು ಬಾರದಷ್ಟು ಹಿಡಿದಿದ್ದರೆ ಜಗ್ಗಾಡಬೇಡಿ, ಗೋಡೆಯೊಳಗಿನ ಪೈಪ್ ತಿರುಗಿ ಮುರಿದರೆ ಟೈಲ್ಸ್ ಒಡೆಯುವ ಕೆಲಸ. ನಾನು ಮಾಡಿದ್ದು ಹೀಗೆ. ಒಂದು ಲೀಟರಿನ ಖಾಲಿ ಹಾಲಿನ ಪ್ಯಾಕೆಟ್ ತೊಳೆದು, ಮೇಲಿನ ಅಂಚು ಪೂರ್ತಿ ಕತ್ತರಿಸಿ, ಅರ್ಧದಷ್ಟು ಬಿಳಿ ವಿನೆಗರ್ ಹೊಯ್ದೆ. ಹೆಡ್ ಅದರೊಳಗೆ ಮುಳುಗುವಂತೆ ಕೆಳಗಿನಿಂದ ಏರಿಸಿ, ಕುತ್ತಿಗೆಗೆ ಎರಡು ರಬ್ಬರ್ ಬ್ಯಾಂಡ್ ಬಿಗಿದೆ. ಒಂದೇ ಹಾಕಿದ್ದಾಗ ಭಾರಕ್ಕೆ ಜಾರಿ ಅರ್ಧ ವಿನೆಗರ್ ನನ್ನ ತಲೆ ಮೇಲೆ ಬಿದ್ದಿತ್ತು. ಎರಡು ಬ್ಯಾಂಡ್, ಅದರ ಮೇಲೊಂದು ಬಾಳೆನಾರಿನ ಗಂಟು ಹಾಕಿದರೆ ಅಲ್ಲಾಡುವುದಿಲ್ಲ. ಮೊದಲ ಹತ್ತು ನಿಮಿಷ ಪ್ಯಾಕೆಟ್ಟಿಗೆ ಕಿವಿಯಿಟ್ಟರೆ ಚುರುಚುರು ಸದ್ದು ಕೇಳುತ್ತದೆ. ಸದ್ದು ನಿಂತ ಮೇಲೂ ಗಂಟು ಉಳಿದಿದ್ದರೆ ವಿನೆಗರಿನ ಶಕ್ತಿ ಮುಗಿದಿದೆ ಎಂದು ಅರ್ಥ, ಚೆಲ್ಲಿ ಹೊಸದು ಹಾಕಿ.

ಕ್ರೋಮ್ ಮತ್ತು ಪ್ಲಾಸ್ಟಿಕ್ಕಿಗೆ ಅರ್ಧ ಗಂಟೆಯಿಂದ ಎರಡು ಗಂಟೆ. ಹಿತ್ತಾಳೆ, ಬಂಗಾರದ ಬಣ್ಣ, ಕಪ್ಪು ಕೋಟಿಂಗ್ ಇದ್ದರೆ ಹದಿನೈದು ನಿಮಿಷ ಸಾಕು. ರಾತ್ರಿಯಿಡೀ ಬಿಡಿ ಎಂದು ಹೇಳುವವರಿದ್ದಾರೆ. ಹಾಗೆ ಬಿಟ್ಟ ನನ್ನ ಒಂದು ನಲ್ಲಿಯ ಹೊಳಪು ಇವತ್ತಿಗೂ ವಾಪಸ್ ಬಂದಿಲ್ಲ.

ಅಂಗಡಿಯ ಬಿಳಿ ವಿನೆಗರಿನಲ್ಲಿ ಹುಳಿಯ ಅಂಶ ನೂರಕ್ಕೆ ನಾಲ್ಕರಷ್ಟು. ಪದರ ದಪ್ಪವಿದ್ದರೆ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ ತನ್ನಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ. ಇದಕ್ಕೆ ವಿನೆಗರಿನ ವಾಸನೆಯ ಕಾಟವೂ ಇಲ್ಲ.

ನೆನೆದ ಮೇಲೆ ತೂತುಗಳನ್ನು ಪಿನ್ನಿನಿಂದ ಚುಚ್ಚಬೇಡಿ. ತೂತು ಅಗಲವಾದರೆ ನೀರು ಸೊಟ್ಟಗೆ ಹೋಗುತ್ತದೆ, ಮತ್ತೆ ಎದುರು ಗೋಡೆಗೇ ಸ್ನಾನ. ಕಡ್ಡಿಪೊರಕೆಯ ತುದಿ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ: ಬಾಗುತ್ತದೆ, ಗೀರುವುದಿಲ್ಲ. ರಬ್ಬರ್ ಮೂತಿಗಳಿದ್ದರೆ ಹೆಬ್ಬೆರಳಲ್ಲಿ ಒತ್ತಿ ಉಜ್ಜಿದರೆ ಸಾಕು. ವಾಪಸ್ ಹಾಕುವ ಮೊದಲು ಬರೀ ಪೈಪಿನಿಂದ ಒಂದು ಬಕೆಟ್ ನೀರು ಬಿಟ್ಟುಬಿಡಿ, ಇಲ್ಲದಿದ್ದರೆ ಒಳಗೆ ಉದುರಿದ ಚೂರು ನೇರ ಜಾಲರಿಗೆ ಬರುತ್ತದೆ. ಪೈಪಿನ ತುದಿಯ ತಿರುಪಿನ ಮರೆಯ ಮೇಲೆ ಟೆಫ್ಲಾನ್ ಟೇಪ್ ನಾಲ್ಕೈದು ಸುತ್ತು, ಹೆಡ್ ತಿರುಗಿಸಿ ಬಿಗಿಯುವ ದಿಕ್ಕಿಗೇ.

ಕೆಂಪು ಕಲೆ

ಇದರಲ್ಲಿ ಎರಡು ಬಗೆ. ಬೆರಳಲ್ಲಿ ಒರೆಸಿದರೆ ಲೋಳೆಯಾಗಿ ಕೈಗೆ ಬರುವ ತಿಳಿ ಗುಲಾಬಿ ಬಣ್ಣದ್ದು ಬ್ಯಾಕ್ಟೀರಿಯಾ. ಸೋಪಿನ ಉಳಿಕೆ ತಿಂದು ಒದ್ದೆ ಮೂಲೆಯಲ್ಲಿ ಬೆಳೆಯುತ್ತದೆ. ಶಿವಮೊಗ್ಗದ ಮನೆಯಲ್ಲಿ ಇರುವುದು ಇದು. ಅಡುಗೆ ಸೋಡಾ ಉದುರಿಸಿ ಬ್ರಷ್ಷಿನಲ್ಲಿ ತಿಕ್ಕಿ, ತೊಳೆದು, ಒಣಗಲು ಬಿಟ್ಟರೆ ಹೋಗುತ್ತದೆ. ವಾರ ಹತ್ತು ದಿನಕ್ಕೆ ಮತ್ತೆ ಬರುತ್ತದೆ. ಸೋಪಿನ ಡಬ್ಬಿಯ ಅಡಿ ಒಣಗಿಸಿಟ್ಟರೆ ತಿಂಗಳಿಗೊಮ್ಮೆ.

ಒರೆಸಿದರೆ ಹೋಗದೆ ಟೈಲ್ಸಿಗೇ ಬಣ್ಣ ಹಿಡಿದಂತಿರುವುದು ಕಬ್ಬಿಣ. ನಮ್ಮ ಕಡೆ ನೆಲವೇ ಜಂಬಿಟ್ಟಿಗೆ, ಅಂದರೆ ಕಬ್ಬಿಣದ ಕೆಂಪು. ಬೋರ್‌ವೆಲ್ಲಿಂದ ಮೇಲೆ ಬರುವಾಗ ನೀರು ಗಾಜಿನ ಹಾಗೆ ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿದ ಮೇಲೆ ಕರಗಿದ್ದ ಕಬ್ಬಿಣ ತುಕ್ಕಾಗಿ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆ, ಟೈಲ್ಸ್, ಕಮೋಡ್ ಎಲ್ಲದಕ್ಕೂ ಕಲೆ. ರಾತ್ರಿ ಬಿಳಿ ಬಕೆಟ್ಟಿನಲ್ಲಿ ತುಂಬಿಟ್ಟು ಬೆಳಿಗ್ಗೆ ತಳ ನೋಡಿ. ಇಲ್ಲವೇ ಎರಡು ಲೋಟದಲ್ಲಿ ಹಾಲು ಹಾಕದ ಟೀ ಡಿಕಾಕ್ಷನ್ ತೆಗೆದುಕೊಂಡು ಒಂದಕ್ಕೆ ಅಬ್ಬಿ ನೀರು, ಇನ್ನೊಂದಕ್ಕೆ ಬೋರ್ ನೀರು ಬೆರೆಸಿ. ಕಬ್ಬಿಣವಿದ್ದರೆ ಎರಡನೆಯದು ಮಸಿಯ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ ಅಬ್ಬಿ ನೀರಿನ ಲೋಟ ಕೆಂಪಗೇ ಉಳಿಯಿತು. ಬೋರಿನದ್ದು ನೋಡಿದ ಅತ್ತೆ, "ಇದ್ರಲ್ಲೇನ ನೀನು ದಿನಾ ಟೀ ಮಾಡಿ ಕೊಡೋದು?" ಎಂದರು. ಅವತ್ತಿಂದ ಟೀಗೆ ಅಬ್ಬಿ ನೀರು.

ಇಲ್ಲಿ ನಾನು ಮಾಡಿದ ತಪ್ಪು ಬ್ಲೀಚಿಂಗ್ ಪೌಡರ್. ಅದು ಕಬ್ಬಿಣವನ್ನು ಇನ್ನಷ್ಟು ತುಕ್ಕು ಹಿಡಿಸುತ್ತದೆ, ಕಲೆ ಗಟ್ಟಿಯಾಗುತ್ತದೆ. ಕಬ್ಬಿಣಕ್ಕೆ ಬೇಕಾದದ್ದು ಹುಳಿ. ಹಿತ್ತಲಲ್ಲಿ ಬಿಂಬುಳಿ ಮರವಿದ್ದರೆ ನಿಮ್ಮ ಪುಣ್ಯ. ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಸಿಡ್ ತುಕ್ಕಿನ ಕಲೆಗೆ ನೇರ ವೈರಿ. ಕಾಯಿ ಉದ್ದಕ್ಕೆ ಸೀಳಿ, ಒಳಭಾಗದಿಂದ ಪಟ್ಟೆಯ ಮೇಲೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನಾನು ತಿಕ್ಕಿದ ಜಾಗದಲ್ಲಿ ರಸ ಮೊದಲು ಹಳದಿಯಾಗಿ ಇಳಿಯಿತು, ಎರಡನೇ ಸಲಕ್ಕೆ ಟೈಲ್ಸಿನ ಮೂಲ ಬಣ್ಣ ಕಂಡಿತು. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ, ಉರಿಗೆ ಕಣ್ಣಲ್ಲಿ ನೀರು ಬರುತ್ತದೆ.

ಬಿಂಬುಳಿ ಇಲ್ಲದ ಕಾಲಕ್ಕೆ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಗೋಡೆಗೆ ಅಂಟಿಸಿ ಅರ್ಧ ಗಂಟೆ ಬಿಡಿ. ಗೋಡೆಯ ಮೇಲೆ ಸುರಿದರೆ ಇಳಿದುಹೋಗುತ್ತದೆ, ಬಟ್ಟೆಯಾದರೆ ಕಲೆಯ ಮೇಲೇ ಕೂರುತ್ತದೆ. ಸಾರಿಗೆ ಹಿಂಡಿ ಉಳಿದ ಹುಣಸೆ ಸಿಪ್ಪೆಯೂ ನಡೆಯುತ್ತದೆ, ಆದರೆ ಟೈಲ್ಸ್ ಸಂದಿಯಲ್ಲಿ ತನ್ನದೇ ಬಣ್ಣ ಬಿಡುವುದರಿಂದ ಚೆನ್ನಾಗಿ ತೊಳೆಯಬೇಕು. ಅಡುಗೆಗೆಂದು ಇಟ್ಟ ವಾಟೆಹುಳಿಯ ಡಬ್ಬಿಗೆ ಕೈ ಹಾಕುವ ಯೋಚನೆ ನನಗೂ ಬಂದಿತ್ತು. ಅತ್ತೆ ಅಲ್ಲೇ ಕೂತಿದ್ದರು.

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಾಗ ಒಳಗೆ ತುಕ್ಕು ಬಣ್ಣದ ಜೆಲ್ಲಿಯಂಥ ಲೋಳೆ ಕಂಡರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ. ಅದರ ಮೂಲ ಬೋರ್‌ವೆಲ್ಲಿನಲ್ಲೇ ಇದೆ. ಟೈಲ್ಸ್ ತೊಳೆಯುತ್ತ ಕೂತರೆ ವರ್ಷವಿಡೀ ತೊಳೆಯುವುದೇ ಆಗುತ್ತದೆ. ಬೋರಿಗೆ ಕ್ಲೋರಿನ್ ಹಾಕಿಸುವುದು, ಟ್ಯಾಂಕಿಗೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಕೂರಿಸುವುದು ಅಲ್ಲಿನ ದಾರಿ.

ಕಪ್ಪೆಲ್ಲ ಬೂಷ್ಟಲ್ಲ

ಮೂಲೆಯ ಕಪ್ಪು ಚುಕ್ಕಿ ಬೂಷ್ಟು, ಸರಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮದೇ ತಾಲ್ಲೂಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿ, ದೇವರ ಫೋಟೋದ ಹಿಂಬದಿ ಎಲ್ಲದಕ್ಕೂ ಬೂಷ್ಟು ಹಿಡಿಯುವಾಗ ಬಾತ್‌ರೂಮ್ ಬಿಟ್ಟೀತೇ? ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಹಳೇ ಬಚ್ಚಲಿಗೆ ಬೂಷ್ಟು ಯಾಕೆ ಬರುವುದಿಲ್ಲ? ಅದಕ್ಕೆ ಟೈಲ್ಸಿಲ್ಲ, ಎಕ್ಸಾಸ್ಟ್ ಫ್ಯಾನಿಲ್ಲ, ಯಾರೂ ದಿನಾ ಉಜ್ಜುವುದೂ ಇಲ್ಲ. ಉತ್ತರ ಎದುರಿಗೇ ಉರಿಯುತ್ತಿತ್ತು. ಬಚ್ಚಲೊಲೆಯ ಕಾವಿಗೆ ಗೋಡೆ ದಿನಕ್ಕೆ ಎರಡು ಸಲ ಒಣಗುತ್ತದೆ, ಹೆಂಚಿನ ಸಂದಿಯಲ್ಲಿ ಹಬೆ ಹೊರಗೆ ಹೋಗುತ್ತದೆ. ಮಸಿ ಹಿಡಿಯುತ್ತದೆ, ಬೂಷ್ಟಲ್ಲ. ಹೊಸ ಬಾತ್‌ರೂಮಿಗೆ ಗೀಸರ್ ಬಂತು, ಕಾವು ಹೋಯಿತು; ಮೇಲಿಂದ ಒಣಗದ ಬಟ್ಟೆಗೆ ನಾನೇ ಅಲ್ಲಿ ಹಗ್ಗ ಕಟ್ಟಿದ್ದೆ. ಹಗ್ಗ ಬಿಚ್ಚಿ ಒಲೆಯ ಬಚ್ಚಲಿಗೆ ಕಟ್ಟಿದೆ, ಸ್ನಾನವಾದ ಮೇಲೆ ಗೋಡೆಗೂ ಒಮ್ಮೆ ವೈಪರ್ ಎಳೆಯುವ ನಿಯಮ ಮಾಡಿದೆ. ಅರ್ಧ ಬೂಷ್ಟು ಅದಕ್ಕೇ ನಿಂತಿತು.

ಉಳಿದದ್ದಕ್ಕೆ ನೀರು ಬೆರೆಸದ ವಿನೆಗರ್ ಚಿಮುಕಿಸಿ ಒಂದು ಗಂಟೆ ಬಿಟ್ಟು, ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುವುದು. ಸಂದಿಯ ಸಿಮೆಂಟ್ ಹುಳಿಗೆ ಸವೆಯುವುದರಿಂದ ಅಲ್ಲಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ 3% ಹೈಡ್ರೋಜನ್ ಪೆರಾಕ್ಸೈಡ್ ಹತ್ತು ನಿಮಿಷ ಹಾಕುತ್ತೇನೆ. ಸಿಲಿಕೋನ್ ಪಟ್ಟಿಯ ಒಳಕ್ಕೇ ಇಳಿದ ಕಪ್ಪು ಯಾವುದಕ್ಕೂ ಹೋಗುವುದಿಲ್ಲ, ಕಿತ್ತು ಹೊಸದು ಹಾಕಬೇಕು.

ಆದರೆ ಡಿಸೆಂಬರಿನಲ್ಲಿ ಬೇರೊಂದು ಕಪ್ಪು ಶುರುವಾಯಿತು. ಮಳೆ ಹೋಗಿ ಎರಡು ತಿಂಗಳು, ಗೋಡೆ ಒಣಗಿ ಗರಿಗರಿ, ಆದರೂ ನಲ್ಲಿಯ ಹಿಡಿಯ ಸುತ್ತ, ಬಕೆಟ್ಟಿನ ಕಿವಿಯಲ್ಲಿ, ಸೊಂಟದೆತ್ತರಕ್ಕೆ ಗೋಡೆಯ ಮೇಲೆ ನೀಲಿ ಬೆರೆತ ಕಪ್ಪು. ಬ್ಲೀಚಿಂಗ್ ಪೌಡರಿನ ತಿಳಿನೀರು ಹಾಕಿದೆ. ಕಪ್ಪು ಮಾಯ. ಗೆದ್ದೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಅದೇ ಜಾಗದಲ್ಲಿ ಕಂದು ಕಲೆ ಕೂತಿತ್ತು. ಎರಡು ದಿನಕ್ಕೆ ಅದರ ಮೇಲೆ ಮತ್ತೆ ಕಪ್ಪು.

ಬೂಷ್ಟು ಮೂಲೆ ಹುಡುಕುತ್ತದೆ, ನಲ್ಲಿಯ ಹಿಡಿ ಹುಡುಕುವುದಿಲ್ಲ. ಹಿಡಿ ಹುಡುಕುವುದು ಕೈ. ಯಾರ ಕೈ? ಅಂಗಳದಲ್ಲಿ ಅಡಿಕೆ ಸುಲಿತ ನಡೆದಿತ್ತು. ರಾತ್ರಿ ಹತ್ತಕ್ಕೆ ಮೆಟ್ಟುಗತ್ತಿ ಬಿಟ್ಟು ಎದ್ದವರೆಲ್ಲ ಹತ್ತಿರವೆಂದು ಇದೇ ಬಾತ್‌ರೂಮಿನಲ್ಲಿ ಕೈ ತೊಳೆಯುತ್ತಿದ್ದರು. ಹಸಿ ಅಡಿಕೆಯ ಚೊಗರು, ಬೋರ್ ನೀರಿನ ಕಬ್ಬಿಣ. ಎರಡೂ ಸೇರಿದರೆ ಮಸಿ. ಟೀ ಲೋಟದಲ್ಲಿ ಕಂಡದ್ದೇ ಇಲ್ಲಿ ಗೋಡೆಯ ಮೇಲಾಗಿತ್ತು. ಹಿಂದೆ ಚೊಗರಿನ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕಾಚಾರ. ಬ್ಲೀಚಿಂಗ್ ಚೊಗರನ್ನು ತಿಂದು ಕಬ್ಬಿಣವನ್ನು ಹಾಗೇ ಬಿಟ್ಟಿತ್ತು, ಅದೇ ಬೆಳಗಿನ ಕಂದು.

ಅತ್ತೆಗೆ ಹೇಳಿದರೆ, "ಕೈಗೆ ಹಿಡಿದ ಚೊಗರನ್ನ ನಿಂಬೆ ಸಿಪ್ಪೆಯಲ್ಲಿ ತಿಕ್ಕಲ್ವೇನೆ? ಗೋಡೆಗೂ ಅದನ್ನೇ ತಿಕ್ಕು" ಎಂದರು, ಸುಲಿಯುವುದನ್ನು ನಿಲ್ಲಿಸದೆ. ತಿಕ್ಕಿದೆ. ಹೋಯಿತು.

ಹಾಗಾಗಿ ಅಡಿಕೆ ಸೀಮೆಯವರು ಕಪ್ಪು ಕಂಡ ಕೂಡಲೇ ಬೂಷ್ಟಿನ ಮದ್ದು ಹಾಕಬೇಡಿ. ಒಂದು ತೊಟ್ಟು ನಿಂಬೆರಸ ಬಿಟ್ಟು ಐದು ನಿಮಿಷ ಕಾಯಿರಿ. ಬಣ್ಣ ತಿಳಿಯಾದರೆ ಚೊಗರು, ಅಲ್ಲಾಡದಿದ್ದರೆ ಬೂಷ್ಟು. ಸುಲಿತದ ದಿನಗಳಲ್ಲಿ ಕೈತೊಳೆಯಲು ಅಂಗಳದಲ್ಲೇ ಅಬ್ಬಿ ನೀರಿನ ಬಕೆಟ್ ಇಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ಜಾರುವ ನೆಲ, ಮಸುಕು ಟೈಲ್ಸ್

ಗೋಡೆಯ ಮೇಲಿನ ಬೂದು ಮಸುಕು ಸೋಪು ಮತ್ತು ಸುಣ್ಣ ಸೇರಿದ ಕಿಟ್ಟ. ಉಗುರಲ್ಲಿ ಕೆರೆದರೆ ಮೇಣದಂತೆ ಬರುತ್ತದೆ. ಒಂದು ಲೋಟ ವಿನೆಗರ್ ಬೆಚ್ಚಗೆ ಮಾಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬೆರೆಸಿ ಬಳಿಯಿರಿ. ಇಪ್ಪತ್ತು ನಿಮಿಷ ಬಿಟ್ಟು ಹೀರೇಕಾಯಿ ನಾರಿನಲ್ಲಿ ಉಜ್ಜಿ. ವಿನೆಗರ್ ಕಾಯಿಸುವಾಗ ಕಿಟಕಿ ತೆಗೆದಿರಲಿ, ಕುದಿಸಬೇಡಿ.

ನೆಲದ ಜಾರಿಕೆ ಎಣ್ಣೆಸ್ನಾನದ್ದು. ಎಣ್ಣೆ, ಸೀಗೆಪುಡಿ, ದಾಸವಾಳ ಸೊಪ್ಪಿನ ಲೋಳೆ ಮೂರೂ ಸೇರಿ ಅಂಟು. ಇದಕ್ಕೆ ಹುಳಿ ಉಪಯೋಗವಿಲ್ಲ. ಹತ್ತು ಅಂಟುವಾಳಕಾಯಿಯ ಬೀಜ ತೆಗೆದು, ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಹಿಂಡಿದ ರಸ ಸಾಕು. ಅಡುಗೆ ಸೋಡಾ ಉದುರಿಸಿ, ಮೇಲೆ ಈ ರಸ ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆಯಿರಿ. ರಸ ಎರಡು ಮೂರು ದಿನಕ್ಕೆ ಹಳಸುತ್ತದೆ, ಬೇಕಾದಷ್ಟೇ ಮಾಡಿ. ಕಣ್ಣಿಗೆ ಹಾರಿದರೆ ಮೆಣಸಿನಕಾಯಿ ವಾಸಿ ಅನಿಸುತ್ತದೆ.

ಒಲೆಬೂದಿ? ಕಲ್ಲಿನ ನೆಲಕ್ಕೆ, ಹಂಡೆಗೆ ಒಳ್ಳೆಯದೇ. ಕ್ರೋಮ್ ನಲ್ಲಿಗೆ ಮುಟ್ಟಿಸಬೇಡಿ, ಗೀರು ಬೀಳುತ್ತದೆ.

ಮಾಡಬಾರದ್ದು ಮೂರು

ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವುದು ನೋಡಲು ಚೆಂದ. ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದು ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಮೊದಲೇ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟರಂತೂ ಏನೂ ಇಲ್ಲ, ಬಿಗಿಯಾಗಿ ಮುಚ್ಚಿದ್ದರೆ ಮುಚ್ಚಳ ಹಾರುತ್ತದೆ. ಜಿಡ್ಡಿಗೆ ಸೋಡಾ ಹಾಕಿ ಉಜ್ಜಿ ತೊಳೆದ ಮೇಲೆ, ಬೇಕಿದ್ದರೆ ಸುಣ್ಣಕ್ಕೆ ವಿನೆಗರ್ ಬೇರೆಯಾಗಿ ಹಾಕಿ.

ಬ್ಲೀಚಿಂಗ್ ಪೌಡರಿನ ಜೊತೆ ಯಾವ ಹುಳಿಯೂ ಸೇರಬಾರದು. ವಿನೆಗರ್, ನಿಂಬೆ, ಹುಣಸೆ, ಟಾಯ್ಲೆಟ್ ತೊಳೆಯುವ ಆಸಿಡ್, ಯಾವುದೂ. ಬರುವುದು ಕ್ಲೋರಿನ್ ಗಾಳಿ. ಮಳೆಗಾಲದಲ್ಲಿ ಒಮ್ಮೆ ಕಿಟಕಿ ಹಾಕಿಕೊಂಡು, ಬ್ಲೀಚಿಂಗ್ ಚೆಲ್ಲಿದ ನೆಲದ ಮೇಲೇ ಕಮೋಡಿನ ಬಾಟಲಿ ಬಗ್ಗಿಸಿದೆ. ಎದೆಗೆ ಯಾರೋ ಗುದ್ದಿದ ಹಾಗಾಯಿತು. ಬಾಗಿಲು ತೆರೆದಿಟ್ಟು ಹೊರಗೆ ಓಡಿದವಳು ಅವತ್ತಿಡೀ ಕೆಮ್ಮಿದೆ. ಎರಡೂ ಬೇಕಾದರೆ ಈಗ ಒಂದನ್ನು ಹಾಕಿ ಯಥೇಚ್ಛ ನೀರು ಬಿಟ್ಟು ತೊಳೆದು, ಇನ್ನೊಂದನ್ನು ಮಾರನೇ ದಿನ ಬಳಸುತ್ತೇನೆ.

ಮೂರನೆಯದು ನೆಲ ನೋಡದೆ ಹುಳಿ ಹಾಕುವುದು. ಕಡಪ ಕಲ್ಲು, ಶಹಾಬಾದ್ ಕಲ್ಲು, ಮಾರ್ಬಲ್ ಇವೆಲ್ಲ ಸುಣ್ಣದ ಕಲ್ಲುಗಳೇ. ಶವರಿನ ಗಂಟು ಕರಗಿಸುವ ಹುಳಿ ನೆಲವನ್ನೂ ಕರಗಿಸುತ್ತದೆ. ಹಳೇ ಬಚ್ಚಲಿನ ಕಡಪದ ಮೇಲೆ ನಿಂಬೆಹೋಳು ಇಟ್ಟಿದ್ದ ಜಾಗ ದುಂಡಗೆ ಬಿಳಚಿಕೊಂಡು ಇವತ್ತಿಗೂ ಹಾಗೇ ಇದೆ. ರೆಡ್ ಆಕ್ಸೈಡ್ ನೆಲಕ್ಕೂ ಬೇಡ.

ಎಲ್ಲ ತೊಳೆದರೂ ವಾಸನೆ

ಇದು ಬೀಗ ಹಾಕಿಡುವ ಮನೆಗಳ ಕಾಯಿಲೆ. ಮಗ ರಜೆಗೆ ಊರಿಗೆ ಬಂದು ಒಂದು ತಿಂಗಳಾದ ಮೇಲೆ ಶಿವಮೊಗ್ಗದ ಮನೆ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವ ಹಾಗಿತ್ತು. ಮನೆ ಮಾಲೀಕರ ಪ್ಲಂಬರ್ ಹುಡುಗ ಬಂದು ನೋಡಿ, "ಅಕ್ಕಾ, ಟ್ರ್ಯಾಪ್ ಒಣಗಿದೆ ಅಷ್ಟೆ" ಎಂದು ಎರಡು ಚೊಂಬು ನೀರು ಹೊಯ್ದ. ನೆಲದ ಜಾಲಿಯ ಕೆಳಗೆ ಬಾಗಿದ ಭಾಗದಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಬೇಸಿಗೆಯಲ್ಲಿ ಅದು ಆರಿಹೋಗುತ್ತದೆ. ಮನೆಯಲ್ಲಿ ಜನವಿದ್ದೂ ವಾಸನೆ ಬಂದರೆ ಜಾಲಿ ಎತ್ತಿ ಕೂದಲು ತೆಗೆಯಿರಿ. ಸೀಗೆಪುಡಿ ಹಿಡಿದುಕೊಂಡ ಕೂದಲಿನ ಉಂಡೆ ಎಷ್ಟಿರುತ್ತದೆಂದು ಇಲ್ಲಿ ಬರೆಯುವುದಿಲ್ಲ.

ಈಗ ಬೀಗ ಹಾಕುವ ಮೊದಲು ಜಾಲಿಗೆ ಒಂದು ಚೊಂಬು ನೀರು, ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡುತ್ತೇನೆ. ಎಣ್ಣೆ ತೇಲಿ ನಿಂತರೆ ನೀರು ಬೇಗ ಆರುವುದಿಲ್ಲ. ಊರಿನ ಬಾತ್‌ರೂಮಿನಲ್ಲಿ ಬಾಕಿ ಇರುವುದು ಸಿಲಿಕೋನ್ ಪಟ್ಟಿಯೊಂದೇ. ಅದನ್ನು ಮಾರ್ಚ್‌ನಲ್ಲಿ ಕೀಳಬೇಕು. ಎರಡು ದಿನ ಚೆನ್ನಾಗಿ ಒಣಗದ ಗೋಡೆಗೆ ಹೊಸದು ಹಿಡಿಯುವುದಿಲ್ಲ, ಯುಗಾದಿ ದಾಟಿದರೆ ಅಡ್ಡಮಳೆ ಶುರು.